ಗರ್ಭಕೋಶ ತೆಗೆಸಿ ಎಂದಿದ್ದಾರೆ, ಡಾಕ್ಟರನ್ನು ಪ್ರಶ್ನಿಸಬಹುದೇ?

ಪ್ರಶ್ನೆ: ನನಗೆ 41 ವರ್ಷ, ಹಾವೇರಿ ಜಿಲ್ಲೆ. ಇಬ್ಬರು ಮಕ್ಕಳು, ಮಕ್ಕಳಾಗದ ಆಪರೇಷನ್ ಆಗಿದೆ. ಒಂದು ವರ್ಷದಿಂದ ಮುಟ್ಟು ಎಂಟು–ಒಂಬತ್ತು ದಿನ ಹೋಗುತ್ತದೆ. ಮೊದಲ ಮೂರು ದಿನ ಹೆಪ್ಪುಹೆಪ್ಪಾಗಿ ಹೋಗಿ ಮನೆ ಬಿಟ್ಟು ಹೊರಗೆ ಕಾಲಿಡಲು ಆಗುವುದಿಲ್ಲ. ಹಿಮೋಗ್ಲೋಬಿನ್ 8.4. ಹೊಟ್ಟೆಯ ಮೇಲಿನಿಂದ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ದಪ್ಪಗಿದೆ, 2.8 ಸೆಂ.ಮೀ. ಗಡ್ಡೆಯಿದೆ, ಎಡ ಅಂಡಾಶಯದಲ್ಲಿ 3 ಸೆಂ.ಮೀ. ನೀರುಗುಳ್ಳೆಯಿದೆ ಎಂದು ಬಂದಿದೆ. ಡಾಕ್ಟರು ಅದನ್ನು ನೋಡಿ, ‘ಗರ್ಭಕೋಶ, ಅಂಡಾಶಯ ಎರಡೂ ತೆಗೆದುಬಿಡೋಣ, ಬಿಟ್ಟರೆ ಕ್ಯಾನ್ಸರ್ ಆಗಬಹುದು, ಮುಂದಿನ ಬುಧವಾರ ಬನ್ನಿ’ ಎಂದರು. ಬೇರೆ ದಾರಿ ಇಲ್ಲವೇ ಎಂದು ಕೇಳಿದ್ದಕ್ಕೆ ‘ಡಾಕ್ಟರ್ ನೀವೋ ನಾನೋ’ ಎಂದರು. ಅತ್ತೆ ‘ಗರ್ಭಚೀಲ ಇಟಗೊಂಡು ಇನ್ನೇನ್ ಮಾಡ್ತಿ, ತಗಸಿಬಿಡು’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಪ್ರಶ್ನಿಸಬಹುದು. ನಿಮ್ಮ ವಿಷಯದಲ್ಲಿ ಪ್ರಶ್ನಿಸಲೇಬೇಕು. ನೀವು ಬರೆದಿರುವುದರಲ್ಲಿ ಬುಧವಾರವೇ ಆಪರೇಷನ್ ಆಗಬೇಕು ಎನ್ನುವಂಥ ತುರ್ತು ಕಾಣುವುದಿಲ್ಲ. ಸ್ರಾವಕ್ಕೆ ಕಾರಣ ಏನೆಂದು ಯಾರೂ ಇನ್ನೂ ಪತ್ತೆ ಹಚ್ಚಿಲ್ಲ, ಕಾರಣ ಸಿಗುವ ಮೊದಲೇ ಅಂಗ ತೆಗೆಯುವ ದಿನ ಗೊತ್ತಾಗಿದೆ. ಮುಂದೆ ಆಪರೇಷನ್ನೇ ಬೇಕಾಗಬಹುದು, ಆ ಸಾಧ್ಯತೆಯನ್ನು ತಳ್ಳಿಹಾಕುತ್ತಿಲ್ಲ. ಆದರೆ ಅಲ್ಲಿಗೆ ತಲುಪುವ ಮೊದಲು ಆಗಬೇಕಾದ ಪರೀಕ್ಷೆಗಳು ಆಗಿಲ್ಲ, ಕೊಟ್ಟು ನೋಡಬೇಕಾದ ಔಷಧಿ ಕೊಟ್ಟಿಲ್ಲ.

ಮೊದಲು ಕಾಯಬಾರದ ಸಂದರ್ಭಗಳನ್ನು ಹೇಳಿಬಿಡುತ್ತೇವೆ. ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ಯುವಂತೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೋದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಕುಳಿತಲ್ಲೇ ಏದುಸಿರು ಬಂದರೆ, ಎದೆ ನೋವಾದರೆ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾಗಿದ್ದರೂ ಸರಿ. ಸಂಭೋಗದ ನಂತರ ರಕ್ತ ಕಾಣಿಸುವುದು, ಎರಡು ಮುಟ್ಟಿನ ನಡುವೆ ಮತ್ತೆಮತ್ತೆ ರಕ್ತ ಹೋಗುವುದು, ದುರ್ವಾಸನೆಯ ರಕ್ತಮಿಶ್ರಿತ ಸ್ರಾವ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ವಾರಗಟ್ಟಲೆ ಯೋಚಿಸುತ್ತ ಕೂರಬಾರದು. ನಿಮಗೆ ಇವು ಯಾವುವೂ ಇಲ್ಲದಿದ್ದರೆ ಎರಡರಿಂದ ನಾಲ್ಕು ವಾರ ಸಮಯ ತೆಗೆದುಕೊಂಡು ಸರಿಯಾಗಿ ವಿಚಾರಿಸುವುದರಿಂದ ಏನೂ ಕೆಡುವುದಿಲ್ಲ. ಆ ವಾರಗಳಲ್ಲಿ ರಕ್ತಹೀನತೆಗೆ ಚಿಕಿತ್ಸೆ ಮಾತ್ರ ನಡೆಯುತ್ತಲೇ ಇರಬೇಕು.

ನಿಮ್ಮ ಸ್ಕ್ಯಾನಿಂಗ್ ರಿಪೋರ್ಟ್ ಹೆದರಿಸುವ ಹಾಗಿದೆ, ನಿಜ. ಅದನ್ನು ಬಿಡಿಸಿ ನೋಡೋಣ.

‘ಬಲ್ಕಿ ಯೂಟರಸ್’ ಎಂದರೆ ಗರ್ಭಕೋಶ ಸ್ವಲ್ಪ ದೊಡ್ಡದಾಗಿದೆ ಎಂದಷ್ಟೇ. ಹೆತ್ತ ಹೆಂಗಸರಲ್ಲಿ ಇದು ಸಾಮಾನ್ಯ, ಇದು ರೋಗದ ಹೆಸರಲ್ಲ. 2.8 ಸೆಂ.ಮೀ. ಗಡ್ಡೆ ಫೈಬ್ರಾಯ್ಡ್ ಇರಬೇಕು. ಅದು ಗರ್ಭಕೋಶದ ಸ್ನಾಯುವಿನಿಂದ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಂಟು. ನಲವತ್ತರ ಆಸುಪಾಸಿನ ಹೆಂಗಸರಲ್ಲಿ ಬಲು ಸಾಮಾನ್ಯ, ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿರುವುದಿಲ್ಲ. ಅದು ರಕ್ತಸ್ರಾವ ಮಾಡಿಸುತ್ತದೆಯೋ ಇಲ್ಲವೋ ಎನ್ನುವುದಕ್ಕೆ ಗಾತ್ರಕ್ಕಿಂತ ಅದು ಇರುವ ಜಾಗ ಮುಖ್ಯ. ಗರ್ಭಕೋಶದ ಒಳಕುಹರಕ್ಕೆ ಚಾಚಿಕೊಂಡಿದ್ದರೆ ಒಂದೂವರೆ ಸೆಂ.ಮೀ. ಗಡ್ಡೆಯೂ ವಿಪರೀತ ಸ್ರಾವ ತರಬಲ್ಲದು. ಹೊರಮೈಯಲ್ಲಿದ್ದರೆ ಐದು ಸೆಂ.ಮೀ. ಆದರೂ ಸಾಮಾನ್ಯವಾಗಿ ಮುಟ್ಟಿನ ಮೇಲೆ ಪರಿಣಾಮ ಇರುವುದಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಗಡ್ಡೆಯ ಅಳತೆ ಮಾತ್ರ ಇದ್ದು, ಸಬ್‌ಮ್ಯೂಕಸ್ (ಒಳಕುಹರದ ಕಡೆ), ಇಂಟ್ರಾಮ್ಯೂರಲ್ (ಗೋಡೆಯೊಳಗೆ), ಸಬ್‌ಸಿರೋಸಲ್ (ಹೊರಮೈಯಲ್ಲಿ) ಎಂಬ ಮೂರರಲ್ಲಿ ಯಾವುದೆಂದು ಬರೆದಿಲ್ಲದಿದ್ದರೆ ಆ ರಿಪೋರ್ಟ್ ಅರ್ಧ ಮಾತ್ರ ಆಗಿದೆ.

ಇನ್ನು ಅಂಡಾಶಯದ ನೀರುಗುಳ್ಳೆ. ಮುಟ್ಟಾಗುವ ಹೆಂಗಸಿನ ಅಂಡಾಶಯದಲ್ಲಿ ಪ್ರತಿ ತಿಂಗಳೂ ಅಂಡಕೋಶಿಕೆ ಬೆಳೆದು ಒಡೆಯುತ್ತದೆ, ಅದೇ ಎರಡು–ಮೂರು ಸೆಂ.ಮೀ.ವರೆಗೆ ಹಿಗ್ಗುವುದುಂಟು. ಗೋಡೆ ತೆಳ್ಳಗಿದ್ದು, ಒಳಗೆ ಬರೀ ನೀರಿದ್ದು, 5 ಸೆಂ.ಮೀ.ಗಿಂತ ಚಿಕ್ಕದಾಗಿದ್ದರೆ ಅದಕ್ಕೆ ಸಾಮಾನ್ಯವಾಗಿ ಆಪರೇಷನ್ ಹಾಗಿರಲಿ, ಮರುಸ್ಕ್ಯಾನಿಂಗ್ ಕೂಡ ಬೇಕಾಗುವುದಿಲ್ಲ. ಹೆಚ್ಚಿನವು ಎರಡು–ಮೂರು ಮುಟ್ಟಿನೊಳಗೆ ತಾವೇ ಕರಗುತ್ತವೆ. ಒಳಗೆ ಗೋಡೆಗಳಿವೆ, ಗಟ್ಟಿ ಭಾಗವಿದೆ, ರಕ್ತಸಂಚಾರ ಕಾಣುತ್ತದೆ ಎಂದು ಬರೆದಿದ್ದರೆ ಮಾತ್ರ ಅದು ಬೇರೆಯೇ ಮಾತು. ಇಂಥ ಸಾದಾ ಗುಳ್ಳೆಗೆ ಸಿಎ-125 ಎಂಬ ರಕ್ತಪರೀಕ್ಷೆ ಮಾಡಿಸಿ, ಅದು ಸ್ವಲ್ಪ ಏರಿದ್ದನ್ನು ತೋರಿಸಿ ಕ್ಯಾನ್ಸರ್ ಎಂದು ಹೆದರಿಸುವುದೂ ನಡೆಯುತ್ತದೆ. ಫೈಬ್ರಾಯ್ಡ್ ಇದ್ದರೂ, ಮುಟ್ಟಿನ ದಿನಗಳಲ್ಲೂ ಆ ಅಂಕಿ ಏರುತ್ತದೆ. ಇದೇ ಸಾಲಿಗೆ ಸೇರಿದವು ‘ನಬೋಥಿಯನ್ ಸಿಸ್ಟ್’ ಮತ್ತು ‘ಗರ್ಭಕಂಠದಲ್ಲಿ ಹುಣ್ಣು’ ಎಂದು ಹೇಳಲಾಗುವ ‘ಎರೋಷನ್’. ಮೊದಲನೆಯದು ಏನೂ ತೊಂದರೆಯಿಲ್ಲದ ಲೋಳೆಗುಳ್ಳೆ. ಎರಡನೆಯದು ಬಹುಪಾಲು ಸಲ ಒಳಪದರ ಹೊರಗೆ ಕಾಣುತ್ತಿರುವುದು ಮಾತ್ರ. ಬಿಳಿಸೆರಗು ಮತ್ತು ಈ ಎರಡು ಪದಗಳನ್ನು ಮುಂದಿಟ್ಟುಕೊಂಡು ಗರ್ಭಕೋಶ ತೆಗೆದ ಪ್ರಕರಣಗಳು ನಮ್ಮ ನಾಡಿನಲ್ಲಿ ಕಡಿಮೆ ಇಲ್ಲ. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯಲ್ಲಿ ಬಯಲಿಗೆ ಬಂದದ್ದು ಇದೇ. ಹೊಟ್ಟೆನೋವು, ಬಿಳಿಸೆರಗು, ಅತಿಸ್ರಾವ ಎಂದು ಹೋದ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳು ಗರ್ಭಕೋಶ ಕಳೆದುಕೊಂಡು ಮರಳಿದ್ದರು. ಅವರಲ್ಲಿ ಹಲವರಿಗೆ ನಲವತ್ತು ಕೂಡ ತುಂಬಿರಲಿಲ್ಲ. ಆರೋಗ್ಯ ಇಲಾಖೆ ತನಿಖೆ ನಡೆಸಬೇಕಾಯಿತು.

‘ಬಿಟ್ಟರೆ ಕ್ಯಾನ್ಸರ್ ಆಗಬಹುದು’ ಎಂಬ ಮಾತಿಗೆ ಸರಿಯಾದ ಉತ್ತರ ಪರೀಕ್ಷೆಯೇ. ಫೈಬ್ರಾಯ್ಡ್ ಕ್ಯಾನ್ಸರ್ ಆಗುವುದು ಬಲು ಅಪರೂಪ. ನಿಮ್ಮ ವಯಸ್ಸಿನಲ್ಲಿ ನಿಜಕ್ಕೂ ನೋಡಬೇಕಾದವು ಎರಡು: ಗರ್ಭಕೋಶದ ಒಳಪದರ ಮತ್ತು ಗರ್ಭಕಂಠ. ಒಳಪದರಕ್ಕೆ ಎಂಡೊಮೆಟ್ರಿಯಲ್ ಬಯಾಪ್ಸಿ ಇದೆ. ಪೆನ್ನಿನ ರೀಫಿಲ್‌ನಷ್ಟು ಸಣ್ಣ ಕೊಳವೆ ಒಳಗೆ ಬಿಟ್ಟು ಒಂದಿಷ್ಟು ಪದರ ಹೀರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಓಪಿಡಿಯಲ್ಲೇ ಕೆಲವು ನಿಮಿಷದ ಕೆಲಸ, ಮುಟ್ಟಿನ ನೋವಿನಂತೆ ಹಿಂಡಿದ ಹಾಗಾಗುತ್ತದೆ, ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ. ನಲವತ್ತು ದಾಟಿದ ಮೇಲೆ ಅತಿಸ್ರಾವಕ್ಕೆ ಇದನ್ನು ಮಾಡಿಸುವುದು ನಮ್ಮಲ್ಲಿ ರೂಢಿಯ ಸಲಹೆ. ತೂಕ ಜಾಸ್ತಿಯಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದು ಮುಟ್ಟು ಏರುಪೇರಾಗುತ್ತಿದ್ದರೆ ಇದರ ಅಗತ್ಯ ಇನ್ನೂ ಹೆಚ್ಚು. ಗರ್ಭಕಂಠಕ್ಕೆ ಸ್ಪೆಕ್ಯುಲಮ್ ಎಂಬ ಉಪಕರಣ ಹಾಕಿ ಕಣ್ಣಾರೆ ನೋಡಬೇಕು, ಜೊತೆಗೆ ಪ್ಯಾಪ್ ಸ್ಮಿಯರ್ (ಅಲ್ಲಿನ ಜೀವಕೋಶ ತೆಗೆದು ನೋಡುವುದು) ಅಥವಾ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆ.

ಈ ಎರಡು ಪರೀಕ್ಷೆ ಮಾಡದೆ ನೇರ ಆಪರೇಷನ್‌ಗೆ ಹೋಗುವುದರಲ್ಲಿ ದೊಡ್ಡ ಅಪಾಯವಿದೆ, ಇದನ್ನು ನಿಮ್ಮ ಮನೆಯವರಿಗೂ ತಿಳಿಸಿ. ಒಂದು ವೇಳೆ ಒಳಗೆ ಕ್ಯಾನ್ಸರ್ ಇದ್ದೇ ಇದ್ದರೆ ಅದಕ್ಕೆ ಮಾಡುವ ಆಪರೇಷನ್ನೇ ಬೇರೆ. ಗರ್ಭಕಂಠದ ಕ್ಯಾನ್ಸರಿಗೆ ಸುತ್ತಲಿನ ಅಂಗಾಂಶವನ್ನೂ ದುಗ್ಧಗ್ರಂಥಿಗಳನ್ನೂ ಸೇರಿಸಿ ತೆಗೆಯಬೇಕಾಗಬಹುದು, ಇಲ್ಲವೇ ಆಪರೇಷನ್ ಬಿಟ್ಟು ರೇಡಿಯೇಷನ್ ಕೊಡಬೇಕಾಗಬಹುದು. ಗೊತ್ತಿಲ್ಲದೆ ಸಾದಾ ಆಪರೇಷನ್ ಮಾಡಿಬಿಟ್ಟರೆ ರೋಗ ಯಾವ ಹಂತದಲ್ಲಿತ್ತು ಎಂದು ಅಳೆಯುವುದೂ ಕಷ್ಟ, ಮುಂದಿನ ಚಿಕಿತ್ಸೆಯೂ ಜಟಿಲ. ಕ್ಯಾನ್ಸರಿನ ಭಯವನ್ನು ಮುಂದಿಡುವ ವೈದ್ಯರು ಕ್ಯಾನ್ಸರ್ ಪರೀಕ್ಷೆಯನ್ನೇ ಬಿಟ್ಟಿದ್ದರೆ, ನೀವು ಮೊದಲು ಕೇಳಬೇಕಾದದ್ದು ಅದನ್ನೇ.

ಉಳಿದ ಪರೀಕ್ಷೆಗಳು ಅಗ್ಗದವು, ತಾಲ್ಲೂಕು ಮಟ್ಟದಲ್ಲೂ ಆಗುವಂಥವು. ಪ್ಲೇಟ್‌ಲೆಟ್ ಎಣಿಕೆ ಸೇರಿದ ಸಿಬಿಸಿ (ರಕ್ತಕಣಗಳ ಎಣಿಕೆ), ಥೈರಾಯ್ಡ್‌ಗೆ ಟಿಎಸ್‌ಎಚ್, ಸಾಧ್ಯವಾದರೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಮಕ್ಕಳಾಗದ ಆಪರೇಷನ್ ಆಗಿದ್ದರೂ ಒಂದು ಗರ್ಭಪರೀಕ್ಷೆ. ಥೈರಾಯ್ಡ್ ಕಡಿಮೆಯಿದ್ದು ಮುಟ್ಟು ಜಾಸ್ತಿ ಹೋಗುತ್ತಿದ್ದರೆ ಥೈರಾಯ್ಡ್ ಮಾತ್ರೆಯಿಂದಲೇ ಸರಿಹೋಗುವುದುಂಟು. ಮೈನೆರೆದಾಗಿನಿಂದಲೇ ಹೆಚ್ಚು ಹೋಗುತ್ತಿತ್ತು, ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲಿಲ್ಲ, ಹೆರಿಗೆಯಲ್ಲಿ ವಿಪರೀತ ಹೋಯಿತು ಎಂದಿದ್ದರೆ ರಕ್ತ ಹೆಪ್ಪುಗಟ್ಟುವ ದೋಷವನ್ನೂ ನೋಡಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ಹಾಕಿಸಿದ ಕಾಪರ್-ಟಿ ಇನ್ನೂ ಒಳಗಿದ್ದರೆ, ನಾಟಿ ಔಷಧಿ ನಡೆಯುತ್ತಿದ್ದರೆ ಮುಚ್ಚಿಡಬೇಡಿ. ಪ್ರಶ್ನೆ ಕೇಳುವ ಹಕ್ಕು ಎಷ್ಟಿದೆಯೋ, ನಿಜ ಹೇಳುವ ಹೊಣೆಯೂ ಅಷ್ಟೇ ಇದೆ.

ಸ್ಕ್ಯಾನಿಂಗ್ ಇನ್ನೊಮ್ಮೆ ಆಗಲಿ, ಬೇರೆ ಸೆಂಟರಿನಲ್ಲಿ, ಯೋನಿಯ ಮೂಲಕ ಮಾಡುವ ವಿಧಾನದಲ್ಲಿ. ಒಳಪದರ ತಿಂಗಳ ಉದ್ದಕ್ಕೂ ದಪ್ಪಗಾಗುತ್ತ ಹೋಗುತ್ತದೆ. ಮುಟ್ಟಿನ ಹಿಂದಿನ ವಾರ 14 ಮಿ.ಮೀ. ಇದ್ದರೂ ಅದು ಸಹಜವಿರಬಹುದು. ಆದ್ದರಿಂದ ಮುಟ್ಟಿನ ಮೊದಲ ದಿನದಿಂದ ಎಣಿಸಿ ಹತ್ತನೆಯ ದಿನದೊಳಗೆ, ಸ್ರಾವ ನಿಲ್ಲುತ್ತ ಬಂದ ಕೂಡಲೇ ಹೋಗಿ.

ಈಗ ಡಾಕ್ಟರ ಎದುರು ಕೂತು ಮಾತಾಡುವ ಬಗೆ. ಓಪಿಡಿಯಲ್ಲಿ ನಿಮಗೆ ಸಿಗುವುದು ಹೆಚ್ಚೆಂದರೆ ಐದು–ಹತ್ತು ನಿಮಿಷ. ‘ತುಂಬಾ ಹೋಗ್ತದೆ ಡಾಕ್ಟ್ರೇ’ ಎಂದರೆ ಅದನ್ನು ಅಳೆಯಲು ಅವರ ಬಳಿ ದಾರಿಯಿಲ್ಲ. ಅಂಕಿ ಕೊಂಡೊಯ್ಯಿರಿ. ಮುಂದಿನ ಮುಟ್ಟಿನಲ್ಲಿ ಬದಲಿಸಿದ ಪ್ರತಿ ಪ್ಯಾಡಿಗೂ ಅಂಕ ಹಾಕಿ: ಸ್ವಲ್ಪ ಕಲೆಯಾಗಿದ್ದರೆ 1, ಅರ್ಧಕ್ಕರ್ಧ ತೊಯ್ದಿದ್ದರೆ 5, ಪೂರ್ತಿ ತೊಯ್ದಿದ್ದರೆ 20. ಹೆಪ್ಪು ಒಂದು ರೂಪಾಯಿ ನಾಣ್ಯದಷ್ಟಿದ್ದರೆ 1, ಹತ್ತು ರೂಪಾಯಿ ನಾಣ್ಯದಷ್ಟೋ ದೊಡ್ಡದೋ ಇದ್ದರೆ 5. ಒಂದು ಮುಟ್ಟಿನ ಮೊತ್ತ 100 ದಾಟಿದರೆ ಸ್ರಾವ ಸುಮಾರು 80 ಮಿ.ಲೀ. ಮೀರಿದೆ ಎಂದು ವೈದ್ಯಶಾಸ್ತ್ರ ಲೆಕ್ಕ ಹಾಕುತ್ತದೆ. ಬಟ್ಟೆ ಬಳಸುವವರಿಗೆ ಈ ಅಂಕ ಕರಾರುವಾಕ್ಕಾಗಿ ಹೊಂದುವುದಿಲ್ಲ, ಆದರೂ ಎಷ್ಟು ಸಲ ಬದಲಿಸಿದಿರಿ, ರಾತ್ರಿ ಎಷ್ಟು ಸಲ ಎದ್ದಿರಿ ಎಂದು ಬರೆದಿಟ್ಟರೆ ಉಪಯೋಗವಿದೆ. ಇದೇ ಲೆಕ್ಕ ಮುಂದೆ ಔಷಧಿ ಫಲ ಕೊಟ್ಟಿತೇ ಎಂದು ಅಳೆಯಲೂ ಬೇಕಾಗುತ್ತದೆ. 180 ಇದ್ದದ್ದು 70ಕ್ಕೆ ಇಳಿದರೆ ‘ಏನೋ ಸ್ವಲ್ಪ ಕಡಿಮೆ’ ಎನ್ನುವ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ.

ಒಂದೇ ಹಾಳೆಯಲ್ಲಿ ಬರೆಯಿರಿ: ವಯಸ್ಸು, ಹೆರಿಗೆಗಳು, ಹಿಂದಿನ ಆಪರೇಷನ್‌ಗಳು, ಕಳೆದ ಮೂರು ಮುಟ್ಟಿನ ದಿನಾಂಕ, ಮೇಲಿನ ಅಂಕ, ಈಗಿನ ಮಾತ್ರೆಗಳ ಹೆಸರು, ತಾಯಿ–ಅಕ್ಕತಂಗಿಯರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂಬುದು. ಅದರ ಕೆಳಗೆ ಪ್ರಶ್ನೆಗಳು, ನಾಲ್ಕಕ್ಕಿಂತ ಹೆಚ್ಚು ಬೇಡ. ಮೊದಲ ಪ್ರಶ್ನೆ, ‘ನನ್ನ ಸ್ರಾವಕ್ಕೆ ಕಾರಣ ಏನು, ಯಾವ ಪರೀಕ್ಷೆಯಿಂದ ಗೊತ್ತಾಯಿತು?’ ಎರಡನೆಯದು, ‘ಗರ್ಭಕೋಶ ಉಳಿಸಿಕೊಂಡು ಮಾಡಬಹುದಾದ ಚಿಕಿತ್ಸೆ ಯಾವುವು, ನನಗೆ ಅವು ಯಾಕೆ ಆಗುವುದಿಲ್ಲ?’ ಮೂರನೆಯದು, ‘ಮೂರು ತಿಂಗಳು ಕಾದರೆ ಏನಾಗುತ್ತದೆ?’ ನಾಲ್ಕನೆಯದು, ‘ಅಂಡಾಶಯ ಯಾಕೆ ತೆಗೆಯಬೇಕು?’ ಈ ಮೂರನೆಯ ಪ್ರಶ್ನೆಯನ್ನು ಕೇಳಲು ಜನ ಹಿಂಜರಿಯುತ್ತಾರೆ, ಆದರೆ ತುರ್ತು ನಿಜವೋ ಅಲ್ಲವೋ ಎಂಬುದು ತಿಳಿಯುವುದು ಅದರಿಂದಲೇ. ನಿಜವಾದ ತುರ್ತಿದ್ದರೆ ವೈದ್ಯರು ಇಂಥದ್ದಾಗುತ್ತದೆ ಎಂದು ನಿರ್ದಿಷ್ಟವಾಗಿ ಹೇಳುತ್ತಾರೆ.

‘ಡಾಕ್ಟರ್ ನೀವೋ ನಾನೋ’ ಎಂಬ ಮಾತಿಗೆ ವಾದ ಬೇಡ, ಮೊಬೈಲ್ ತೆರೆದು ಗೂಗಲ್ ತೋರಿಸುವುದೂ ಬೇಡ. ಅಲ್ಲಿಂದ ಮಾತು ಜಗಳಕ್ಕೆ ತಿರುಗುತ್ತದೆ, ನಿಮಗೆ ಬೇಕಾದ ಮಾಹಿತಿ ಸಿಗುವುದಿಲ್ಲ. ಹೀಗೆ ಹೇಳಿ: ‘ಡಾಕ್ಟ್ರೇ, ನೀವು ಹೇಳಿದ್ದು ತಪ್ಪು ಅಂತಲ್ಲ. ನನ್ನ ಮೈಯ ವಿಷಯ, ಅರ್ಥ ಮಾಡಿಕೊಂಡು ಒಪ್ಪಬೇಕು ಅಂತಿದೀನಿ. ಆಪರೇಷನ್ ಯಾಕೆ ಬೇಕು, ಬೇರೆ ಚಿಕಿತ್ಸೆ ಯಾಕೆ ಆಗಲ್ಲ ಅಂತ ಚೀಟಿಯಲ್ಲಿ ಎರಡು ಸಾಲು ಬರೆದುಕೊಡಿ.’ ಬಾಯಲ್ಲಿ ‘ಕ್ಯಾನ್ಸರ್ ಆಗುತ್ತೆ’ ಎನ್ನುವುದು ಸುಲಭ, ಸಹಿ ಹಾಕಿ ಬರೆಯುವಾಗ ಯಾರಾದರೂ ಎರಡು ಸಲ ಯೋಚಿಸುತ್ತಾರೆ. ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ, ಅವರ ಕೆಲಸ ಕೇಳಿಸಿಕೊಂಡು ಬರೆದುಕೊಳ್ಳುವುದಷ್ಟೇ. ಅಡ್ವಾನ್ಸ್ ಕಟ್ಟಿ ದಿನ ಗೊತ್ತುಮಾಡಿಕೊಂಡು ಹೋಗಿ ಎಂದು ಕೌಂಟರಿನಲ್ಲಿ ಒತ್ತಾಯಿಸಿದರೆ ‘ಮನೆಯಲ್ಲಿ ಮಾತಾಡಿ ತಿಳಿಸುತ್ತೇನೆ’ ಎಂದು ಎದ್ದು ಬನ್ನಿ.

ಬೇರೆ ದಾರಿ ಇಲ್ಲವೇ ಎಂದು ಕೇಳಿದ್ದೀರಿ. ಇದೆ, ಒಂದಲ್ಲ ಹಲವು. ಮುಟ್ಟಿನ ಜಾಸ್ತಿ ಹೋಗುವ ದಿನಗಳಲ್ಲಿ ಮಾತ್ರ ಟ್ರಾನೆಕ್ಸಾಮಿಕ್ ಆ್ಯಸಿಡ್ 1 ಗ್ರಾಂ, ಅಂದರೆ 500 ಮಿ.ಗ್ರಾಂ.ನ ಎರಡು ಮಾತ್ರೆ, ದಿನಕ್ಕೆ ಮೂರು ಸಲ, ನಾಲ್ಕು–ಐದು ದಿನ ಕೊಡುತ್ತಾರೆ. ಎಷ್ಟೋ ಜನರಲ್ಲಿ ಸ್ರಾವ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪು, ಪಾರ್ಶ್ವವಾಯು ಇಂಥದ್ದೇನಾದರೂ ಹಿಂದೆ ಆಗಿದ್ದರೆ ಇದು ಆಗದು. ನೋವೂ ಇದ್ದರೆ ಜೊತೆಗೆ ಮೆಫೆನಾಮಿಕ್ ಆ್ಯಸಿಡ್ 500 ಮಿ.ಗ್ರಾಂ. ಮೂರು ಹೊತ್ತು, ಊಟವಾದ ಮೇಲೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರಿಗೆ ಬೇಡ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟೆಂದರೆ ದಿನಕ್ಕೊಂದು ಮಾತ್ರೆ ನುಂಗಿ ‘ಔಷಧಿ ನಾಟಲಿಲ್ಲ’ ಎಂದು ಬಿಡುವುದು, ಅಥವಾ ನಾಲ್ಕನೆಯ ದಿನ ಶುರುಮಾಡುವುದು. ಸರಿಯಾದ ಪ್ರಮಾಣದಲ್ಲಿ, ಮೊದಲ ದಿನದಿಂದ, ಮೂರು ಮುಟ್ಟು ನೋಡದೆ ಸೋತಿತು ಎನ್ನುವಂತಿಲ್ಲ. ನೋರೆಥಿಸ್ಟೆರಾನ್ ಎಂಬ ಹಾರ್ಮೋನ್ ಮಾತ್ರೆಯೂ ಸ್ರಾವ ತಡೆಯುತ್ತದೆ, ಆದರೆ ಬಯಾಪ್ಸಿಯಿಲ್ಲದೆ ತಿಂಗಳುಗಟ್ಟಲೆ ಮೆಡಿಕಲ್ ಶಾಪಿನಿಂದ ತಂದು ನುಂಗಿದರೆ ಒಳಗಿನ ರೋಗ ಮರೆಯಾಗಿ ಉಳಿಯುತ್ತದೆ.

ನಿಮ್ಮಂಥವರಿಗೆ ನಾವು ಗಟ್ಟಿಯಾಗಿ ಸೂಚಿಸುವುದು 52 ಮಿ.ಗ್ರಾಂ. ಲೆವೊನಾರ್ಜೆಸ್ಟ್ರೆಲ್ ಇರುವ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ವಂಕಿಯನ್ನು. ಕಾಪರ್-ಟಿಯ ಆಕಾರದ್ದೇ, ಆದರೆ ಕೆಲಸ ತದ್ವಿರುದ್ಧ: ಕಾಪರ್-ಟಿ ಮುಟ್ಟನ್ನು ಹೆಚ್ಚಿಸುತ್ತದೆ, ಇದು ಒಳಪದರವನ್ನು ತೆಳ್ಳಗೆ ಮಾಡಿ ಸ್ರಾವವನ್ನು ಬಹಳಷ್ಟು ಇಳಿಸುತ್ತದೆ. ಗಡ್ಡೆ 3 ಸೆಂ.ಮೀ.ಗಿಂತ ಚಿಕ್ಕದಿದ್ದು ಗರ್ಭಕೋಶದ ಒಳಕುಹರದ ಆಕಾರ ಕೆಡಿಸಿಲ್ಲವಾದರೆ ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೊದಲ ಆಯ್ಕೆಯಾಗಿ ಹೇಳುವುದು ಇದನ್ನೇ. ನಿಮ್ಮ ಗಡ್ಡೆ 2.8. ಆದ್ದರಿಂದಲೇ ಅದು ಇರುವ ಜಾಗ ತಿಳಿಯುವುದು ಇಷ್ಟು ಮುಖ್ಯ. ಮೊದಲ ಮೂರರಿಂದ ಆರು ತಿಂಗಳು ಆಗಾಗ ಹನಿಹನಿ ರಕ್ತ ಕಾಣಿಸಬಹುದು. ಇದನ್ನು ಮೊದಲೇ ಹೇಳದಿದ್ದರಿಂದಲೇ ಅನೇಕರು ಎರಡನೆಯ ತಿಂಗಳಿಗೇ ತೆಗೆಸಿಬಿಡುತ್ತಾರೆ. ತಾಳಿಕೊಂಡವರಿಗೆ ಐದು ವರ್ಷ ನಿಶ್ಚಿಂತೆ. ಬೆಲೆ ಸಾವಿರಗಳಲ್ಲಿದೆ, ಆದರೂ ಆಪರೇಷನ್ ಖರ್ಚಿನ ಮುಂದೆ ಕಡಿಮೆ.

ಗಡ್ಡೆ ಒಳಕುಹರಕ್ಕೆ ಚಾಚಿಕೊಂಡಿದ್ದರೆ ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ಹಿಸ್ಟೆರೋಸ್ಕೋಪ್ ಎಂಬ ದುರ್ಬೀನು ಬಿಟ್ಟು ಅದನ್ನು ಕೆರೆದು ತೆಗೆಯಬಹುದು. ಗಡ್ಡೆಯೊಂದನ್ನೇ ತೆಗೆಯುವ ಮಯೊಮೆಕ್ಟಮಿ, ದೊಡ್ಡ ನಗರಗಳಲ್ಲಿ ಸಿಗುವ, ರಕ್ತನಾಳ ಮುಚ್ಚಿ ಗಡ್ಡೆ ಸೊರಗಿಸುವ ಎಂಬೊಲೈಸೇಷನ್ ಇವೂ ಇವೆ, ನಿಮ್ಮ ಗಾತ್ರಕ್ಕೆ ಇವುಗಳ ತನಕ ಹೋಗಬೇಕಾಗಲಾರದು.

ಹಿಮೋಗ್ಲೋಬಿನ್ 8.4 ಇರುವುದು ಆಪರೇಷನ್ ಬೇಗ ಮಾಡಲು ಕಾರಣವಲ್ಲ, ಯೋಜಿತ ಆಪರೇಷನನ್ನು ಮುಂದಕ್ಕೆ ಹಾಕಲು ಕಾರಣ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಐಎಫ್‌ಎ (ಕಬ್ಬಿಣ ಮತ್ತು ಫೋಲಿಕ್ ಆ್ಯಸಿಡ್) ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ ಇರುತ್ತದೆ. ದಿನಕ್ಕೆ ಒಂದೋ ಎರಡೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳಿಂದ ಎರಡು ಗಂಟೆ ದೂರವಿಟ್ಟು ನಿಂಬೆ ನೀರಿನೊಂದಿಗೆ ತೆಗೆದುಕೊಳ್ಳಿ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರದಿದ್ದರೆ, ಇಲ್ಲವೇ ಹೊಟ್ಟೆ ತಡೆಯದಿದ್ದರೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್‌ನಂಥ ಕಬ್ಬಿಣದ ಇಂಜೆಕ್ಷನನ್ನು ಡ್ರಿಪ್‌ನಲ್ಲಿ ಕೊಡಬಹುದು. ಅಂಕಿ 12 ಮುಟ್ಟಿದ ಮೇಲೂ ಮೂರು ತಿಂಗಳು ಮಾತ್ರೆ ಮುಂದುವರಿಯಬೇಕು, ಇಲ್ಲದಿದ್ದರೆ ಮೈಯಲ್ಲಿನ ದಾಸ್ತಾನು ತುಂಬುವುದಿಲ್ಲ.

ಅಂಡಾಶಯದ ವಿಷಯಕ್ಕೆ ಬರುವೆವು, ಇಲ್ಲಿ ನಮ್ಮ ಅಭಿಪ್ರಾಯ ಬಲವಾಗಿದೆ. 41ರ ವಯಸ್ಸಿನಲ್ಲಿ, ಗುಳ್ಳೆ ಸಾದಾ ಇದ್ದು, ಮನೆತನದಲ್ಲಿ ಸ್ತನ–ಅಂಡಾಶಯದ ಕ್ಯಾನ್ಸರ್ ಇಲ್ಲದಿದ್ದರೆ ಎರಡೂ ಅಂಡಾಶಯ ತೆಗೆಯಲು ಕಾರಣವಿಲ್ಲ. ತೆಗೆದ ಮರುದಿನದಿಂದಲೇ ಮುಟ್ಟು ನಿಂತ ಸ್ಥಿತಿ ಶುರು: ಮೈ ಕಾವೇರುವುದು, ನಿದ್ದೆಗೇಡು, ಯೋನಿಯ ಒಣಗುವಿಕೆ, ವರ್ಷಗಳಲ್ಲಿ ಮೂಳೆ ಸವೆತ, ಹೃದಯರೋಗದ ಅಪಾಯ. ಹೊಲದ ಕೆಲಸ ಮಾಡುವ ಹೆಂಗಸಿಗೆ ನಲವತ್ತೈದಕ್ಕೇ ಸೊಂಟ, ಬೆನ್ನು ಕೈಕೊಟ್ಟರೆ ಗತಿಯೇನು? ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದರೂ ಅವು ಕೆಲವು ವರ್ಷ ಮೊದಲೇ ಸುಸ್ತಾಗುವುದುಂಟು. ಆಪರೇಷನ್ ಆಗಲೇಬೇಕಾದ ಪಕ್ಷದಲ್ಲಿ ಅಂಡನಾಳ ತೆಗೆದು ಅಂಡಾಶಯ ಉಳಿಸುವುದು ಒಳ್ಳೆಯ ಮಾರ್ಗ. ಅಂಡಾಶಯದ ಕ್ಯಾನ್ಸರ್ ಸಾಧ್ಯತೆಯನ್ನು ಅದೇ ಕಡಿಮೆ ಮಾಡುತ್ತದೆ. ಹೀಗಾಗಿ ಒಪ್ಪಿಗೆ ಪತ್ರದಲ್ಲಿ ‘ಅಂಡಾಶಯ ಉಳಿಸಬೇಕು’ ಎಂದು ನಿಮ್ಮ ಕೈಯಾರೆ ಕನ್ನಡದಲ್ಲೇ ಬರೆದು ಸಹಿ ಹಾಕಿ. ಖಾಲಿ ನಮೂನೆಗೆ ಸಹಿ ಹಾಕಬೇಡಿ.

ಈ ಒಪ್ಪಿಗೆಯ ವಿಷಯದಲ್ಲಿ ಕಾನೂನು ನಿಮ್ಮ ಪರ ಸ್ಪಷ್ಟವಾಗಿದೆ. 1995ರಲ್ಲಿ 44 ವರ್ಷದ ಮಹಿಳೆಯೊಬ್ಬರು ದೀರ್ಘ ಸ್ರಾವವೆಂದು ದೆಹಲಿಯ ಕ್ಲಿನಿಕ್ಕಿಗೆ ಹೋದರು. ಅವರು ಒಪ್ಪಿದ್ದು ದುರ್ಬೀನು ಹಾಕಿ ಪರೀಕ್ಷಿಸುವುದಕ್ಕೆ. ಅವರು ಅರಿವಳಿಕೆಯಲ್ಲಿದ್ದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯಲಾಯಿತು. 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಇದು ಒಪ್ಪಿಗೆಯಿಲ್ಲದ ಆಪರೇಷನ್ ಎಂದು ತೀರ್ಪಿತ್ತಿತು. ಸ್ವತಃ ನಿರ್ಧರಿಸಬಲ್ಲ ವಯಸ್ಕ ಹೆಂಗಸಿನ ಪರವಾಗಿ, ಪ್ರಾಣಾಪಾಯದ ತುರ್ತಿಲ್ಲದಾಗ, ಬೇರೆ ಯಾರೂ ಒಪ್ಪಲಾಗದು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಚಿಕಿತ್ಸೆಯ ಉದ್ದೇಶ, ಅಪಾಯ, ಪರ್ಯಾಯ, ಮಾಡದಿದ್ದರೆ ಏನಾಗುತ್ತದೆ ಎಂಬುದನ್ನೆಲ್ಲ ವೈದ್ಯರು ತಿಳಿಸಬೇಕು ಎಂದಿತು. ಆ ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್. ವಿ. ರವೀಂದ್ರನ್. ನಿಮ್ಮ ವಿಷಯಕ್ಕೆ ಇದರ ಅರ್ಥ ಇಷ್ಟು: ಗಂಡನ ಸಹಿ, ಅತ್ತೆಯ ಮಾತು ಯಾವುದೂ ನಿಮ್ಮ ಒಪ್ಪಿಗೆಯ ಜಾಗಕ್ಕೆ ಬರುವುದಿಲ್ಲ. ಮುಂದೆ ಅನಗತ್ಯ ಗರ್ಭಕೋಶ ಆಪರೇಷನ್‌ಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ ಎಲ್ಲ ರಾಜ್ಯಗಳಿಗೆ ಹೇಳಿತು.

ಎರಡನೆಯ ಅಭಿಪ್ರಾಯಕ್ಕೆ ಎಲ್ಲಿಗೆ ಹೋಗುವುದು? ಆಪರೇಷನ್‌ನಿಂದ ಲಾಭವಿಲ್ಲದವರ ಬಳಿಗೆ. ನಿಮಗೆ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗ ಹತ್ತಿರ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಕೂಡ ದೂರವಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅನುಮಾನ ಬಂದರೆ ಮಾತ್ರ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ. ಮೊದಲ ಡಾಕ್ಟರೇ ‘ಇವರನ್ನು ಕೇಳಿ ಬೇಕಾದರೆ’ ಎಂದು ಕಳಿಸಿದ ಸ್ನೇಹಿತರ ಅಭಿಪ್ರಾಯವನ್ನು ಎರಡನೆಯದೆಂದು ಎಣಿಸಬೇಡಿ. ಹೊಸ ವೈದ್ಯರ ಮುಂದೆ ಕೂತ ಕೂಡಲೇ ‘ಅವರು ಗರ್ಭಕೋಶ ತೆಗೆಸಿ ಅಂದರು, ಸರೀನಾ?’ ಎಂದು ಶುರುಮಾಡಿದರೆ ಅವರ ಯೋಚನೆಯೂ ಅದೇ ದಾರಿ ಹಿಡಿಯುತ್ತದೆ. ತೊಂದರೆ ಹೇಳಿ, ರಿಪೋರ್ಟ್ ಕೊಡಿ, ಅವರ ಮಾತು ಕೇಳಿ, ಆಮೇಲೆ ಮೊದಲಿನ ಸಲಹೆ ತಿಳಿಸಿ. ಇಬ್ಬರ ಮಾತು ಹೊಂದದಿದ್ದರೆ ಯಾವ ಅಂಶದಲ್ಲಿ ಹೊಂದಲಿಲ್ಲ ಎಂದು ಕೇಳಿ: ಗಡ್ಡೆ ಇರುವ ಜಾಗದಲ್ಲೋ, ಬಯಾಪ್ಸಿಯಲ್ಲೋ, ಔಷಧಿಯ ಮೇಲಿನ ನಂಬಿಕೆಯಲ್ಲೋ? ಆ ಒಂದು ಅಂಶಕ್ಕೆ ಮೂರನೆಯವರು ಸಾಕು. ಐದು–ಆರು ಡಾಕ್ಟರುಗಳನ್ನು ಸುತ್ತುತ್ತ ‘ಆಪರೇಷನ್ ಬೇಡ’ ಎನ್ನುವವರು ಸಿಗುವ ತನಕ ಹುಡುಕುವುದರಿಂದ ನಿಜವಾದ ರೋಗವೂ ಬೆಳೆಯುತ್ತದೆ.

ಕಾಗದಗಳು ನಿಮ್ಮವು. ಒಳರೋಗಿಯಾಗಿ ದಾಖಲಾದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು 2002ರ ವೈದ್ಯಕೀಯ ನಡತೆಯ ನಿಯಮಾವಳಿ ಹೇಳುತ್ತದೆ. ಸ್ಕ್ಯಾನಿಂಗ್ ಫಿಲ್ಮ್, ಲ್ಯಾಬ್ ರಿಪೋರ್ಟ್, ಚೀಟಿ ಎಲ್ಲವನ್ನೂ ಆಗಿಂದಾಗಲೇ ಪಡೆದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಖಾಸಗಿ ಆಸ್ಪತ್ರೆ ಕೊಡದೆ ಸತಾಯಿಸಿದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಂತರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಇರುವ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಗರ್ಭಕೋಶ ತೆಗೆಸುವುದೇ ಸರಿಯಾಗುವ ಸಂದರ್ಭಗಳೂ ಇವೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಥವಾ ‘ಅಟಿಪಿಯಾ’ (ಅಸಹಜ ಜೀವಕೋಶ) ಇರುವ ಹೈಪರ್‌ಪ್ಲೇಸಿಯಾ (ಒಳಪದರದ ಅತಿಬೆಳವಣಿಗೆ) ಬಂದರೆ ತಡಮಾಡಬಾರದು. ಅಟಿಪಿಯಾ ಇಲ್ಲದ ಹೈಪರ್‌ಪ್ಲೇಸಿಯಾ ಹೆಚ್ಚಾಗಿ ಹಾರ್ಮೋನಿನಿಂದ ವಾಸಿಯಾಗುತ್ತದೆ, ಒಂದು ಪದದ ವ್ಯತ್ಯಾಸ, ಆದ್ದರಿಂದ ರಿಪೋರ್ಟನ್ನು ನೀವೇ ಓದಿಸಿಕೊಳ್ಳಿ. ವಂಕಿಯೂ ಮಾತ್ರೆಯೂ ಸರಿಯಾಗಿ ಬಳಸಿ ಸೋತು, ಹಿಮೋಗ್ಲೋಬಿನ್ ಮತ್ತೆಮತ್ತೆ ಇಳಿಯುತ್ತಿದ್ದು, ನಿಮಗೇ ಸಾಕುಸಾಕಾಗಿದ್ದರೆ ಆಪರೇಷನ್ ನ್ಯಾಯವಾದ ಆಯ್ಕೆ. ಅದರಿಂದ ಬದುಕು ಹಗುರವಾದ ಹೆಂಗಸರು ಬಹಳ ಇದ್ದಾರೆ. ಆಗಲೂ ಅದು ದೊಡ್ಡ ಆಪರೇಷನ್ ಎಂಬುದು ನೆನಪಿರಲಿ. ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ರೋಗಿಗಳಿಗೆ ಹೇಳುವ ಲೆಕ್ಕದಲ್ಲಿ ಹೊಟ್ಟೆ ಕೊಯ್ದು ಮಾಡಿದ 100 ಆಪರೇಷನ್‌ಗಳಲ್ಲಿ ಸುಮಾರು 4ರಲ್ಲಿ ಗಂಭೀರ ತೊಡಕು. 1000ಕ್ಕೆ 23 ಜನಕ್ಕೆ ರಕ್ತ ಕೊಡಬೇಕಾಗುತ್ತದೆ, 7 ಜನರಲ್ಲಿ ಮೂತ್ರಕೋಶಕ್ಕೋ ಮೂತ್ರನಾಳಕ್ಕೋ ಪೆಟ್ಟಾಗುತ್ತದೆ. ಯೋನಿಯ ಮೂಲಕ ಅಥವಾ ಲ್ಯಾಪ್ರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ) ಆಗುತ್ತದೆಯೇ ಎಂದು ಕೇಳಿ, ಚೇತರಿಕೆ ಬೇಗ. ಯಾವ ಬಗೆಯದಾದರೂ ಆರು ವಾರ ಕೊಡ, ಮೂಟೆ, ಹುಲ್ಲಿನ ಹೊರೆ ಎತ್ತುವಂತಿಲ್ಲ. ಆ ಆರು ವಾರ ಮನೆಗೆಲಸ ಯಾರು ನೋಡಿಕೊಳ್ಳುತ್ತಾರೆಂದು ಅತ್ತೆಯ ಜೊತೆ, ಮನೆಯವರ ಜೊತೆ ಮೊದಲೇ ಕೂತು ಮಾತಾಡಿ. ‘ತಗಸಿಬಿಡು’ ಎನ್ನುವವರು ಅದಕ್ಕೂ ಸಿದ್ಧರಿರಬೇಕು.

ಆಪರೇಷನ್ ಆದರೆ, ತೆಗೆದ ಗರ್ಭಕೋಶವನ್ನು ಬಯಾಪ್ಸಿಗೆ ಕಳಿಸಲೇಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಏನು ತೆಗೆದರು, ಏನು ಉಳಿಸಿದರು, ಯಾವ ಕಡೆಯ ಅಂಡಾಶಯ, ಗರ್ಭಕಂಠ ತೆಗೆದರೇ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಗರ್ಭಕಂಠ ಉಳಿದಿದ್ದರೆ ಪ್ಯಾಪ್ ಸ್ಮಿಯರ್ ಮುಂದೆಯೂ ಬೇಕು. ಬಯಾಪ್ಸಿ ರಿಪೋರ್ಟ್ ಬರಲು ವಾರದ ಮೇಲಾಗುತ್ತದೆ, ಹೊಲಿಗೆ ತೋರಿಸಲು ಹೋದ ದಿನ ಅದನ್ನು ಕೇಳಿ ಪಡೆದು ಉಳಿದ ಕಾಗದಗಳ ಜೊತೆ ಇಟ್ಟುಕೊಳ್ಳಿ.